‘ಎಕೋ ಜಾಸ್ತಿ ಕೊಡಿ’ ಅನ್ನೋರಿಗೆ ನಾನು ಗ್ರೀನ್ ಡೇ ಕೇಳಿಸ್ತೀನಿ

ಸೌಂಡ್ ಕೆಲಸದಲ್ಲಿ ಇರುವವರಿಗೆಲ್ಲ ಗೊತ್ತು, ನಮ್ಮ ಕಿವಿಗೆ ದಿನಾ ಬೀಳುವ ಮಾತು ಒಂದೇ: “ಸರ್, ಸ್ವಲ್ಪ ಎಕೋ ಜಾಸ್ತಿ ಕೊಡಿ.” ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ ಗಾಯಕರೂ ಅದನ್ನೇ ಕೇಳುತ್ತಾರೆ, ಸ್ಟುಡಿಯೋಗೆ ಬರುವ ಕಾಲೇಜು ಬ್ಯಾಂಡಿನವರೂ ಅದನ್ನೇ ಕೇಳುತ್ತಾರೆ. ಎಕೋ ಹಾಕಿದರೆ ದನಿ ದೊಡ್ಡದಾಯಿತು ಅನ್ನಿಸುತ್ತೆ. ಶ್ರುತಿ ಚೂರು ಆಚೀಚೆ ಆದರೂ ಮುಚ್ಚಿಹೋಗುತ್ತೆ. ಅಷ್ಟೇ ಅದರ ಮಹಿಮೆ.

ಈಚೆಗೆ ಒಂದು ಪಂಕ್ ಬ್ಯಾಂಡ್ ಬಂದಿತ್ತು. ಪಂಕ್ ಅಂದರೆ ವೇಗದ, ಒರಟು ರಾಕ್ ಸಂಗೀತ. ಕನ್ನಡದಲ್ಲೇ ಬರೆದು ಹಾಡುವ ನಾಲ್ಕು ಹುಡುಗರು. ಅವರಲ್ಲಿಬ್ಬರು 2025ರ ಮಾರ್ಚ್‌ನಲ್ಲಿ ಮುಂಬೈಗೆ ಹೋಗಿ, ಮಹಾಲಕ್ಷ್ಮಿ ರೇಸ್‌ಕೋರ್ಸಿನ ಲೋಲಾಪಲೂಜಾ ಸಂಗೀತೋತ್ಸವದಲ್ಲಿ ಅಮೆರಿಕದ ಪಂಕ್ ಬ್ಯಾಂಡ್ ಗ್ರೀನ್ ಡೇ ನೋಡಿಕೊಂಡು ಬಂದವರು. “ಅಣ್ಣಾ, ನಮ್ದೂ ಹಂಗೇ ದೊಡ್ಡದಾಗಿ ಕೇಳಿಸ್ಬೇಕು” ಅಂತ ಶುರು ಮಾಡಿದರು. ಅದಕ್ಕೆ ಗಿಟಾರ್ ಮೇಲೆ ಗಿಟಾರ್ ಸೇರಿಸೋಣ, ಕೀಬೋರ್ಡ್ ಹಾಕೋಣ, ದನಿಗೆ ಎಕೋ ಕೊಡೋಣ ಅಂತ ಪಟ್ಟಿಯನ್ನೇ ಮಾಡಿಕೊಂಡು ಬಂದಿದ್ದರು.

ಕೂರಿಸಿ ಎರಡು ರೆಕಾರ್ಡಿಂಗ್ ಕೇಳಿಸಿದೆ. ಎರಡೂ ಗ್ರೀನ್ ಡೇಯದ್ದೇ, ಎರಡೂ ಒಂದೇ ಹಾಡು: ‘ವೆಲ್‌ಕಮ್ ಟು ಪ್ಯಾರಡೈಸ್’. ಮೊದಲನೆಯದು ‘ಕರ್ಪ್ಲಂಕ್’ ಆಲ್ಬಮ್‌ನದು. ಲುಕ್‌ಔಟ್ ಅನ್ನೋ ಪುಟ್ಟ ಕಂಪನಿ 1991–92ರ ಹೊತ್ತಿಗೆ ತಂದದ್ದು. ಎರಡನೆಯದು 1994ರ ಫೆಬ್ರವರಿ 1ಕ್ಕೆ ರಿಪ್ರೈಸ್ ಅನ್ನೋ ದೊಡ್ಡ ಕಂಪನಿಯಿಂದ ಬಂದ ‘ಡೂಕಿ’ಯದು. ಈ ಎರಡರ ನಡುವೆ ಬ್ಯಾಂಡ್ ಎಲ್ಲಿಂದ ಎಲ್ಲಿಗೋ ಹೋಯಿತು. ‘ಡೂಕಿ’ ಜಗತ್ತಿನಾದ್ಯಂತ ಸುಮಾರು 2 ಕೋಟಿ ಪ್ರತಿ ಮಾರಾಟವಾಗಿದೆ. 1995ರಲ್ಲಿ ಅದಕ್ಕೆ ಗ್ರ್ಯಾಮಿಯೂ ಬಂತು.

ಹಾಡು ಮಾತ್ರ ಹಾಗೇ ಇದೆ. ಅದೇ ಸಾಲು, ಅದೇ ಓಟ. ನಡುವೆ ಮಾತು ನಿಂತು ಬರೀ ವಾದ್ಯಗಳು ಸುತ್ತಿ ಸುತ್ತಿ ಏರುವ ಜಾಗವೂ ಅಲ್ಲೇ ಇದೆ. ಮೊದಲನೆಯದರಲ್ಲಿ ಗಿಟಾರು, ಸಿಂಬಲ್ಲು ಎಲ್ಲ ಒಂದರ ಮೇಲೊಂದು ಬಿದ್ದು ಕಲಸಿಹೋಗಿವೆ. ಎರಡನೆಯದರಲ್ಲಿ ಸ್ನೇರ್ ಡ್ರಮ್ಮಿನ ಏಟು ಬೇರೆ, ಬೇಸ್ ಬೇರೆ, ದನಿ ಎಲ್ಲಕ್ಕಿಂತ ಮುಂದೆ. “ಇದರಲ್ಲಿ ಎಕೋ ಎಲ್ಲಿದೆ ಹುಡುಕಿ” ಅಂದೆ. ಹೆಡ್‌ಫೋನ್ ಹಾಕಿಕೊಂಡು ಮತ್ತೆ ಮತ್ತೆ ಕೇಳಿದರು. “ಇಲ್ವಲ್ಲ ಅಣ್ಣ” ಅಂದ ಡ್ರಮ್ಸ್ ಹುಡುಗ. ಇದ್ದರೂ ನಮ್ಮ ಕಿವಿಗೆ ಗೊತ್ತಾಗದಷ್ಟು.

ಅದು ಸುಮ್ನೆ ಆದದ್ದಲ್ಲ. ಗ್ರೀನ್ ಡೇಯಲ್ಲಿ ಹಾಡಿ ಗಿಟಾರ್ ನುಡಿಸುವ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್‌ಗೆ ಬೇಕಾಗಿದ್ದದ್ದು ಹಳೇ ಬ್ರಿಟಿಷ್ ಪಂಕ್ ಬ್ಯಾಂಡ್ ಸೆಕ್ಸ್ ಪಿಸ್ಟಲ್ಸ್ ಥರದ ಒಣ ಸೌಂಡ್, ಅಂದರೆ ಎಕೋ ಇಲ್ಲದ್ದು. ಮೊದಲ ಮಿಕ್ಸ್ ಮನಸ್ಸಿಗೆ ಬರದೆ ಇಡೀ ಆಲ್ಬಮ್ಮನ್ನು ಮತ್ತೆ ಮಿಕ್ಸ್ ಮಾಡಿಸಿದರು. ಎರಡನೇ ಸಲ ಕೂತದ್ದು ಜೆರ್ರಿ ಫಿನ್. ರಾಬ್ ಕವಾಲೋ ನಿರ್ಮಾಪಕ. ದೊಡ್ಡ ಕಂಪನಿ ದುಡ್ಡು ಕೊಟ್ಟಿತು ಅಂತ ಇವರು ಪಿಟೀಲು ತಂಡ ಕರೆಸಲಿಲ್ಲ. ಆ ದುಡ್ಡನ್ನು ಇದ್ದದ್ದು ಇದ್ದ ಹಾಗೆ ಕೇಳಿಸುವುದಕ್ಕೆ ಸುರಿದರು. ನನ್ನ ಕೆಲಸದಲ್ಲಿ ನಾನು ಹಿಡಿದುಕೊಂಡಿರುವುದೂ ಇದನ್ನೇ. ಜನ ಹೆಚ್ಚಾದರೆ ಹಾಡಿಗೆ ಏನೂ ಸೇರಿಸಬೇಕಿಲ್ಲ, ಕೊನೇ ಸಾಲಿನವನಿಗೂ ಅದು ಬಿಡಿಸಿ ಕೇಳಬೇಕು, ಅಷ್ಟೇ.

ಆದರೆ ಒಣ ಸೌಂಡ್ ಏನನ್ನೂ ಮುಚ್ಚಲ್ಲ. ಡ್ರಮ್ಮರ್ ಒಂದು ಕೂದಲೆಳೆ ಮುಂದೆ ಹೋದರೂ ಬೆತ್ತಲೆ. ಅಂಥದ್ದಕ್ಕೆ ಧೈರ್ಯ ಮಾಡಬೇಕು ಅಂದರೆ ಕೈ ಪಳಗಿರಬೇಕು. ಗ್ರೀನ್ ಡೇಯವರ ಕೈ ಪಳಗಿದ್ದು ಕ್ಯಾಲಿಫೋರ್ನಿಯಾದ ಬರ್ಕ್‌ಲಿಯ 924 ಗಿಲ್ಮನ್ ಸ್ಟ್ರೀಟ್‌ನಲ್ಲಿ. 1986ರ ಕೊನೇ ದಿನ ಶುರುವಾದ, ಪಂಕ್ ಬ್ಯಾಂಡ್‌ಗಳು ನುಡಿಸುವ ಜಾಗ ಅದು. ಸ್ವಯಂಸೇವಕರೇ ನಡೆಸುವುದು, ಕುಡಿತ ಇಲ್ಲ, ಚಿಕ್ಕ ವಯಸ್ಸಿನವರಿಗೂ ಪ್ರವೇಶ ಇದೆ. ಬಿಲ್ಲಿ ಜೋ, ಬೇಸ್ ನುಡಿಸುವ ಮೈಕ್ ಡರ್ಂಟ್ ಇನ್ನೂ ಸ್ಕೂಲ್ ಹುಡುಗರಾಗಿದ್ದಾಗಲೇ, 1987ರಲ್ಲಿ, ‘ಸ್ವೀಟ್ ಚಿಲ್ಡ್ರನ್’ ಅಂತ ಬ್ಯಾಂಡ್ ಕಟ್ಟಿದ್ದರು. ಅದೇ ಮುಂದೆ ಗ್ರೀನ್ ಡೇ ಆಯಿತು. 1990ರಲ್ಲಿ ಡ್ರಮ್ಸ್‌ಗೆ ಟ್ರೇ ಕೂಲ್ ಬಂದ. ಆಮೇಲೆ ಊರೂರು ಸುತ್ತಿದ್ದು ಹಳೇ ಸಂಚಾರಿ ಗ್ರಂಥಾಲಯದ ಗಾಡಿಯಲ್ಲಿ. ಓಡಿಸುತ್ತಿದ್ದವರು ಟ್ರೇ ಕೂಲ್‌ನ ಅಪ್ಪ! ನಮ್ಮಲ್ಲಿ ಯಾವ ಅಪ್ಪ ಒಪ್ಪುತ್ತಾರೆ ಹೇಳಿ.

ಹಾಗಾಗಿ ‘ಡೂಕಿ’ಗೆ ಸ್ಟುಡಿಯೋ ಒಳಗೆ ಹೋದಾಗ ರೆಕಾರ್ಡಿಂಗ್ ಸುಮಾರು ಮೂರು ವಾರದಲ್ಲಿ ಮುಗಿಯಿತು. ಹಾಡಿದ್ದಂತೂ ಬಹಳಷ್ಟು ಕಡೆ ಒಂದೆರಡು ಟೇಕ್‌ನಲ್ಲೇ. ಗಿಟಾರ್ ಕೂಡ ಬಿಲ್ಲಿ ಜೋಗೆ ಅವನ ಅಮ್ಮ ಕೊಡಿಸಿದ್ದ ನೀಲಿ ಗಿಟಾರೇ.

ನಮ್ಮ ಹುಡುಗರಿಗೆ ನಾನು ಹೇಳಿದ್ದು ಇಷ್ಟು: ಸ್ಟುಡಿಯೋ ಬುಕ್ ಮಾಡಬೇಡಿ. ಪ್ರಾಕ್ಟೀಸ್ ರೂಮಿನ ನಡುವೆ ಸ್ಟೂಲ್ ಮೇಲೆ ಫೋನ್ ಇಟ್ಟು ರೆಕಾರ್ಡ್ ಮಾಡಿ. ಫೋನಲ್ಲಿ ಹಾಡಿನ ಮಾತು ಅರ್ಥವಾಗಲಿಲ್ಲ ಅಂದರೆ ಗಿಟಾರ್ ನುಡಿಸುವವನು ಜಾಗ ಬಿಡುತ್ತಿಲ್ಲ ಅಂತ. ನನ್ನ ಮಿಕ್ಸರ್ ಅದನ್ನು ಸರಿ ಮಾಡಲ್ಲ. ಗಂಟೆ ಲೆಕ್ಕದಲ್ಲಿ ಬಾಡಿಗೆ ಬರುವ ಗಿರಾಕಿಯನ್ನು ಹೀಗೆ ವಾಪಸ್ ಕಳಿಸಿದರೆ ಹೊಟ್ಟೆಪಾಡು ಏನು ಅಂತ ಕೇಳಬಹುದು. ತಯಾರಾಗಿ ಬಂದವರು ಮತ್ತೆ ಬರುತ್ತಾರೆ, ಇನ್ನೊಬ್ಬರನ್ನೂ ಕರಕೊಂಡು ಬರುತ್ತಾರೆ. ಹೊಟ್ಟೆಪಾಡಿಗೆ ಅದೇ ಸಾಕು.

ಗ್ರೀನ್ ಡೇಯ ಮುಂದಿನದೆಲ್ಲ ಎಂಟಿವಿ ಕಾಲದ ಕಥೆ. ‘ಡೂಕಿ’ಯ ‘ಲಾಂಗ್‌ವ್ಯೂ’ ಹಾಡಿನ ವಿಡಿಯೋ ತಾವೇ ಇದ್ದ ಮನೆಯ ನೆಲಮಾಳಿಗೆಯಲ್ಲಿ ತೆಗೆದದ್ದು. ಆಗಸ್ಟ್‌ನಲ್ಲಿ ವುಡ್‌ಸ್ಟಾಕ್ 94 ಸಂಗೀತೋತ್ಸವ. ಜನ ಕೆಸರು ಎಸೆದರು, ಇವರೂ ತಿರುಗಿ ಎಸೆದರು. ಸೆಕ್ಯೂರಿಟಿಯವನು ಮೈಕ್ ಡರ್ಂಟ್‌ನನ್ನೇ ಯಾರೋ ಪ್ರೇಕ್ಷಕ ಅಂದುಕೊಂಡು ಕೆಡವಿದ್ದಕ್ಕೆ ಅವನ ಹಲ್ಲಿಗೆ ಪೆಟ್ಟಾಯಿತು. ಎಲ್ಲರಿಗೂ ಆ ಹಲ್ಲಿನ ಚಿಂತೆ. ನನಗೆ ಕೆಸರು ತಿಂದ ಮೈಕುಗಳನ್ನು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ.

ದೊಡ್ಡ ಕಂಪನಿಗೆ ಸೇರಿದ್ದಕ್ಕೆ ಗಿಲ್ಮನ್ ಇವರಿಗೆ ಬಾಗಿಲು ಹಾಕಿತು. ಮೇಜರ್ ಲೇಬಲ್ ಬ್ಯಾಂಡ್‌ಗಳಿಗೆ ಅಲ್ಲಿ ಜಾಗವಿಲ್ಲ ಅನ್ನೋದು ನಿಯಮ. ‘ಮಾರಿಕೊಂಡರು’ ಅನ್ನೋ ಬೈಗುಳವೂ ಬಂತು. 2015ರಲ್ಲಿ ಒಂದು ಸಹಾಯಾರ್ಥ ಕಾರ್ಯಕ್ರಮಕ್ಕೆ ಮತ್ತೆ ಅಲ್ಲಿ ನುಡಿಸಿದರು. ಅವರನ್ನು ಹೊರಗಿಟ್ಟದ್ದು ಸರಿಯೋ ತಪ್ಪೋ ಅಂತ ಹುಡುಗರು ಸ್ಟುಡಿಯೋದಲ್ಲೇ ಜಗಳಕ್ಕೆ ಬಿದ್ದರು. ನನ್ನ ಪ್ರಕಾರ ಗಿಲ್ಮನ್‌ದೂ ಸರಿ, ಗ್ರೀನ್ ಡೇಯದ್ದೂ ಸರಿ. ಗಿಲ್ಮನ್ ಆ ನಿಯಮ ಸಡಿಲ ಮಾಡಿದ್ದರೆ ಮುಂದಿನ ಹೊಸ ಹುಡುಗರಿಗೆ ಜಾಗವೇ ಇರುತ್ತಿರಲಿಲ್ಲ, ಅಲ್ವಾ?

ಇನ್ನೊಂದು ವಿಷಯ ಯಾರೂ ಮಾತಾಡಲ್ಲ. ದೊಡ್ಡ ಕಂಪನಿಗೆ ಹೋದ ಮೇಲೂ ಹಳೆಯ ಆಲ್ಬಮ್‌ಗಳನ್ನು ಇವರು ಲುಕ್‌ಔಟ್ ಹತ್ತಿರವೇ ಬಿಟ್ಟಿದ್ದರು. ರಾಯಲ್ಟಿ ಬಾಕಿ ಬೆಳೆದು, 2005ರಲ್ಲಿ ಅವನ್ನು ವಾಪಸ್ ತೆಗೆದುಕೊಳ್ಳಬೇಕಾಯಿತು. ಅಂದರೆ ನಮ್ಮವರು ಅನ್ನೋ ಸಲುಗೆಯಲ್ಲೂ ಲೆಕ್ಕ ಕೆಡುತ್ತೆ. ಅದಕ್ಕೇ ನಾನು ಈಗ ಫೈನಲ್ ಫೈಲ್ ಕೊಡುವ ಮೊದಲು ಒಂದು ಹಾಳೆ ಕೇಳುತ್ತೇನೆ: ಸಂಗೀತ ಯಾರದು, ಸಾಹಿತ್ಯ ಯಾರದು, ಪಾಲು ಎಷ್ಟೆಷ್ಟು, ಎಲ್ಲರ ಸಹಿ.

“ಇರೋದೇ ಎರಡು ಹಾಡು, ಅದಕ್ಕೂ ಹಾಳೆಯಾ ಅಣ್ಣ?” ಅಂತ ನಕ್ಕರು. ಆಮೇಲೆ ಬರೆಯುವುದಕ್ಕೆ ಕೂತಾಗ ಬೇಸ್ ಹುಡುಗ ಎರಡನೇ ಹಾಡಿನ ಪಲ್ಲವಿ ತನ್ನದು ಅಂತ ತಗಾದೆ ತೆಗೆದಿದ್ದಾನೆ. ಅದು ಇತ್ಯರ್ಥ ಆದ ಮೇಲೆ ಮಿಕ್ಸ್.