ಗ್ಲೋ ಎಂಜಿನ್: ಬೆರಳು ಜೋಪಾನ

ಮಾದರಿ ವಿಮಾನದ 40 ಸೈಜಿನ (0.40 ಘನ ಇಂಚು) ಗ್ಲೋ ಎಂಜಿನ್ ಶುರು ಮಾಡಲು ಬರಿಬೆರಳು ಬೇಡವೇ ಬೇಡ. ರಬ್ಬರ್ ಕೊಳವೆ ತೊಡಿಸಿದ ಮರದ ಕೋಲು ಸಾಕು. ಮೊದಲು ವಿಮಾನವನ್ನು ಅಲುಗದಂತೆ ಕಟ್ಟಿ. ನೀಡಲ್ (ಇಂಧನದ ಹರಿವು ಹೊಂದಿಸುವ ತಿರುಪು) ಸುಮಾರು ಎರಡೂವರೆ ಸುತ್ತು ಬಿಚ್ಚಿ, ಕಾರ್ಬ್ಯುರೇಟರ್ ಬಾಯಿ ಮುಚ್ಚಿ, ಪ್ರೊಪೆಲರನ್ನು 2-3 ಸಲ ತಿರುಗಿಸಿ. ಆಗ ಇಂಧನ ಹೊತ್ತಿಸುವ ಗ್ಲೋ ಪ್ಲಗ್‌ಗೆ ಬ್ಯಾಟರಿ ಇರಲೇಕೂಡದು!

ಪ್ರೊಪೆಲರ್ ಗಟ್ಟಿಯಾಗಿ ಸಿಕ್ಕಿಕೊಂಡರೆ ಸಿಲಿಂಡರಿನಲ್ಲಿ ಇಂಧನ ತುಂಬಿದೆ ಎಂದರ್ಥ. ದ್ರವ ಕುಗ್ಗುವುದಿಲ್ಲ, ಬಲವಂತ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ಬಿಚ್ಚಿ, ಕಣ್ಣಿಗೆ ಸಿಡಿಯದಂತೆ ಬಟ್ಟೆ ಹಿಡಿದು, ತಿರುಗಿಸಿ ಇಂಧನ ಹೊರಹಾಕಿ. ಸ್ವಲ್ಪವೇ ಹೆಚ್ಚಾಗಿದ್ದರೂ ಎಂಜಿನ್ ಹಿಂದಕ್ಕೆ ಒದೆಯುತ್ತದೆ, ಬೆರಳು ಮುರಿಯುವುದು ಹೀಗೆಯೇ.

ಥ್ರಾಟಲ್ ಐಡಲ್‌ಗಿಂತ (ಅತಿ ನಿಧಾನದ ಓಟಕ್ಕಿಂತ) ತುಸು ಮೇಲಿಟ್ಟು, 1.5 ವೋಲ್ಟ್ ಬ್ಯಾಟರಿ ಜೋಡಿಸಿ, ಕೋಲಿನಿಂದ ಪ್ರೊಪೆಲರನ್ನು ಚುರುಕಾಗಿ ಹೊಡೆಯಿರಿ. ಶುರುವಾದ ಮೇಲೆ ಪ್ರೊಪೆಲರಿನ ಹಿಂದೆ ಹೋಗಿ ಬ್ಯಾಟರಿ ತೆಗೆಯಿರಿ. ನೀಡಲ್ ತಿರುಗಿಸುವುದೂ ಅಲ್ಲಿಂದಲೇ.