ಎರಡೂ ಕಡೆಯವರು ಒಪ್ಪಿದ ಮೇಲೆ ವಕೀಲರಿಗೇನು ಕೆಲಸ?

ಶಿರಸಿಗೆ ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. "ಕೋರ್ಟಿಗೂ ಹೋಗೋದಿಲ್ಲ, ಜಗಳವೂ ಇಲ್ಲ. ಕೊಡುವವನೂ ಒಪ್ಪಿದ, ತಗೊಳ್ಳುವವನೂ ಒಪ್ಪಿದ. ನಡುವೆ ನಿಂದು ಎಂತದೇ ಕೂಸೇ?" ನಾನು ಬೆಂಗಳೂರಿನ ಕಾರ್ಪೊರೇಟ್ ಲಾ ಫರ್ಮ್ ಒಂದರಲ್ಲಿದ್ದೇನೆ. ಕಂಪನಿಗಳನ್ನು ಕೊಳ್ಳುವ, ಮಾರುವ, ಒಂದಾಗಿಸುವ ವ್ಯವಹಾರಗಳ ಕಾಗದಪತ್ರ ನೋಡಿಕೊಳ್ಳುವುದು ನಮ್ಮ ಕೆಲಸ.

ಅವರು ಒಪ್ಪಿರುವುದು ರೇಟಿಗೆ ಮಾತ್ರ. ಮಾರುತ್ತಿರುವುದು ಏನನ್ನು, ನಾಳೆ ಅದು ಹೇಳಿದಂತೆ ಇಲ್ಲದಿದ್ದರೆ ನಷ್ಟ ಯಾರ ತಲೆಗೆ, ಈ ಇಬ್ಬರನ್ನು ಬಿಟ್ಟು ಇನ್ನು ಯಾರ್‍ಯಾರನ್ನು ಕೇಳಬೇಕು ಅನ್ನುವುದೆಲ್ಲ ಹಾಗೇ ಬಾಕಿ ಇರುತ್ತದೆ.

ನಮ್ಮಲ್ಲಿ ಸೊಸೈಟಿಯ ಟೆಂಡರ್ ಹೇಗೆ ನಡೆಯುತ್ತದೆ ಅಂತ ಗೊತ್ತಲ್ಲ. ವ್ಯಾಪಾರಿ ಚಾಲಿ ಅಡಿಕೆಯ ರಾಶಿಯನ್ನು ಮೇಲಿಂದ ನೋಡಿ ರೇಟು ಬರೆಯುವುದಿಲ್ಲ. ಕೈ ಒಳಗೆ ಹಾಕಿ ಅಡಿಯದ್ದನ್ನು ತೆಗೆಯುತ್ತಾನೆ, ಒಂದೆರಡು ಒಡೆದು ನೋಡುತ್ತಾನೆ. ಕಂಪನಿಯನ್ನು ಒಡೆದು ನೋಡಲಾಗದು. ಆದ್ದರಿಂದ ನಾವು ಕೂತು ಓದುತ್ತೇವೆ. ಸಾಲದ ಪತ್ರ, ಜಾಗದ ದಾಖಲೆ, ತೆರಿಗೆ ನೋಟಿಸು, ಕೇಸುಗಳು, ಲೈಸೆನ್ಸು, ದೊಡ್ಡ ಗಿರಾಕಿಗಳ ಜೊತೆಗಿನ ಕರಾರು. ಇದಕ್ಕೆ ಡ್ಯೂ ಡಿಲಿಜೆನ್ಸ್ ಅಂತಾರೆ. ಬೇಜಾರಿನ ಕೆಲಸ, ಸುಳ್ಳು ಹೇಳುವುದಿಲ್ಲ. ಆದರೆ ಸಾಲದ ಪತ್ರದ ಯಾವುದೋ ಮೂಲೆಯಲ್ಲಿ "ಮಾಲೀಕತ್ವ ಬದಲಾದರೆ ಬ್ಯಾಂಕಿನ ಒಪ್ಪಿಗೆ ಬೇಕು, ಇಲ್ಲವಾದರೆ ಪೂರ್ತಿ ಸಾಲ ತಕ್ಷಣ ಕಟ್ಟಬೇಕು" ಅಂತ ಒಂದು ಸಾಲು ಸಿಕ್ಕರೆ ಇಡೀ ವ್ಯವಹಾರದ ಲೆಕ್ಕವೇ ಬದಲಾಗುತ್ತದೆ.

ಹೀಗೆ ಏನಾದರೂ ಸಿಕ್ಕಿತು ಅಂದರೆ ರೇಟು ಇಳಿಯಬೇಕು, ಇಲ್ಲವೇ ಮಾರುವವರು ಮೊದಲು ಸರಿಮಾಡಿ ಕೊಡಬೇಕು, ಅದೂ ಆಗದಿದ್ದರೆ "ಹಳೇ ತೆರಿಗೆ ಬಾಕಿ ಮುಂದೆ ಎದ್ದುಬಂದರೆ ನಾವೇ ಕೊಡುತ್ತೇವೆ" ಅಂತ ಬರೆದುಕೊಡಬೇಕು. ಎಷ್ಟು ವರ್ಷದವರೆಗೆ? ಎಷ್ಟು ಮೊತ್ತದವರೆಗೆ? ನಮ್ಮಲ್ಲಿ ಮಧ್ಯರಾತ್ರಿಯವರೆಗೂ ಎಳೆಯುವ ಚರ್ಚೆ ಇದೊಂದೇ. ಜಗಳ ಇಲ್ಲ ಅಂದವರು ಆಗ ಬಂದು ನೋಡಬೇಕು.

ಏನನ್ನು ಮಾರುತ್ತಿದ್ದಾರೆ ಅನ್ನುವುದೂ ಅಷ್ಟು ಸುಲಭವಲ್ಲ. ಕಾರವಾರದ ಬಿಣಗಾ ಫ್ಯಾಕ್ಟರಿ ನೋಡಿ. ಕಾಸ್ಟಿಕ್ ಸೋಡಾ ಕಾರ್ಖಾನೆ. ಬಲ್ಲಾರ್‌ಪುರ ಇಂಡಸ್ಟ್ರೀಸ್ ಕಂಪನಿಯದ್ದಾಗಿತ್ತು, ಸೊಲಾರಿಸ್ ಆಯಿತು, ಆದಿತ್ಯ ಬಿರ್ಲಾ ಕೆಮಿಕಲ್ಸ್ ಆಯಿತು, 2016ರ ವಿಲೀನದ ನಂತರ ಗ್ರಾಸಿಮ್. ಕಾರ್ಖಾನೆ ಇದ್ದಲ್ಲೇ ಇದೆ, ಮಾಲೀಕರು ಮಾತ್ರ ಬದಲಾದರು. ಇಂಥ ಕಾರ್ಖಾನೆಯನ್ನು ಕೊಳ್ಳಲು ಒಂದಕ್ಕಿಂತ ಹೆಚ್ಚು ದಾರಿಗಳಿವೆ. ಕಂಪನಿಯ ಷೇರುಗಳನ್ನೇ ಕೊಂಡರೆ ಅದರ ಹಳೇ ಸಾಲ, ಕೇಸು, ಮಾಲಿನ್ಯದ ತಕರಾರು ಎಲ್ಲ ಜೊತೆಗೇ ಬರುತ್ತವೆ. ಕಾರ್ಖಾನೆಯನ್ನಷ್ಟೇ ಇಡಿಯಾಗಿ ಒಂದು ಮೊತ್ತಕ್ಕೆ ಕೊಂಡರೆ, ಅದು ಸ್ಲಂಪ್ ಸೇಲ್, ಬೇಡದ್ದನ್ನು ಬಹಳಷ್ಟು ಮಟ್ಟಿಗೆ ಅಲ್ಲೇ ಬಿಟ್ಟು ಬರಬಹುದು. ಆದರೆ ಆಗ ಜಾಗ, ಲೈಸೆನ್ಸು, ಮಾಲಿನ್ಯ ಮಂಡಳಿಯ ಅನುಮತಿ ಎಲ್ಲ ಹೊಸ ಹೆಸರಿಗೆ ಬರಬೇಕು. ಕೆಲಸಗಾರರ ಸೇವೆ ಮುರಿಯದ ಹಾಗೆ, ಷರತ್ತು ಮೊದಲಿಗಿಂತ ಕೆಡದ ಹಾಗೆ ನೋಡಿಕೊಳ್ಳಬೇಕು. ಇಲ್ಲವಾದರೆ ಕೆಲಸದಿಂದ ತೆಗೆದಾಗ ಕೊಡುವಂಥ ಪರಿಹಾರ ಕೊಡಬೇಕಾಗುತ್ತದೆ.

ಇನ್ನು ಮೂರನೆಯವರ ವಿಷಯ. ನನ್ನ ಮಟ್ಟಿಗೆ ಈ ಕೆಲಸದ ಸ್ವಾರಸ್ಯ ಇರುವುದೇ ಇಲ್ಲಿ. ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ 2019ರಲ್ಲಿ ಆಂಧ್ರದ ರಾಜಮಹೇಂದ್ರಿಯ ಪೇಪರ್ ಮಿಲ್ ಕಂಪನಿಯನ್ನು ಕೊಂಡಿತು. ಮಾರಿದ್ದು ಅಮೆರಿಕದ ಇಂಟರ್‌ನ್ಯಾಷನಲ್ ಪೇಪರ್. ಆ ಅಮೆರಿಕದವರು 2011ರಲ್ಲಿ ಅದನ್ನು ಕೊಂಡಿದ್ದು ಬಾಂಗೂರ್ ಕುಟುಂಬದ ಒಂದು ಕವಲಿನಿಂದ. ದಾಂಡೇಲಿ ಮಿಲ್ಲು ಇರುವುದು ಅದೇ ಕುಟುಂಬದ ಇನ್ನೊಂದು ಕವಲಿನ ಕೈಯಲ್ಲಿ! ಇರಲಿ.

ಇಲ್ಲಿ ದಾಂಡೇಲಿ, ಅಮೆರಿಕ ಇಬ್ಬರೇ ಮಾತಾಡಿ ಮುಗಿಸಲು ಬರುತ್ತಿರಲಿಲ್ಲ. ಆಂಧ್ರದ ಆ ಕಂಪನಿ ಷೇರುಪೇಟೆಯಲ್ಲಿತ್ತು, ಸಣ್ಣ ಷೇರುದಾರರಿದ್ದರು. ಷೇರುಪೇಟೆಯ ಮೇಲ್ವಿಚಾರಣೆ ಮಾಡುವ ಸೆಬಿಯ 2011ರ ನಿಯಮದ ಪ್ರಕಾರ, ಪೇಟೆಯಲ್ಲಿರುವ ಕಂಪನಿಯಲ್ಲಿ ಶೇ. 25 ಅಥವಾ ಜಾಸ್ತಿ ಮತಾಧಿಕಾರ ಪಡೆಯಲು ಹೊರಟವರು, ಉಳಿದ ಷೇರುದಾರರಿಗೂ ಕಂಪನಿಯ ಕನಿಷ್ಠ ಶೇ. 26ರಷ್ಟು ಷೇರುಗಳಿಗೆ ಓಪನ್ ಆಫರ್ ಕೊಡಬೇಕು, ಅಂದರೆ "ಇಂಥ ಬೆಲೆಗೆ ನಿಮ್ಮದನ್ನೂ ಕೊಳ್ಳುತ್ತೇವೆ" ಅಂತ ಹೇಳಬೇಕು. ಹೊಸ ಯಜಮಾನ ಬೇಡ ಅನ್ನುವವರು ಮಾರಿ ಹೊರಬರಲಿ ಅಂತ. ಅಷ್ಟು ಷೇರು ಸಾರ್ವಜನಿಕರ ಕೈಯಲ್ಲಿ ಇಲ್ಲದಿದ್ದರೆ ಇರುವಷ್ಟಕ್ಕೆ. ಹಿಂದಿನ ನಿಯಮದಲ್ಲಿ ಒಂದು ಸಂದು ಇತ್ತು. "ನಾವು ಮುಂದೆ ಸ್ಪರ್ಧೆಗೆ ಇಳಿಯುವುದಿಲ್ಲ" ಅನ್ನುವ ಮಾತಿಗೆ ಶುಲ್ಕ ಅಂತ ಪ್ರಮೋಟರ್‌ಗಳಿಗೆ, ಅಂದರೆ ಕಂಪನಿಯ ಹಿಡಿತ ಇರುವ ದೊಡ್ಡ ಮಾಲೀಕರಿಗೆ, ಶೇ. 25ರವರೆಗೆ ಹೆಚ್ಚಿಗೆ ಕೊಡಬಹುದಿತ್ತು. ಸಣ್ಣವರಿಗೆ ಅದರಲ್ಲಿ ಪಾಲಿಲ್ಲ. 2011ರಲ್ಲಿ ಆ ಸಂದು ಮುಚ್ಚಿತು, ಮುಚ್ಚಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

ಒಂದು ಕಡೆಯವರು ವಿದೇಶದವರಾದರೆ ರಿಸರ್ವ್ ಬ್ಯಾಂಕಿನ ನಿಯಮವೂ ಬಂತು. ಸಾಮಾನ್ಯವಾಗಿ ನಮ್ಮವರಿಂದ ಷೇರು ಕೊಳ್ಳುವ ವಿದೇಶಿಯರು ನ್ಯಾಯವಾದ ಬೆಲೆಗಿಂತ ಕಡಿಮೆ ಕೊಡುವಂತಿಲ್ಲ. ಅವರಿಂದ ಕೊಳ್ಳುವಾಗ ನಮ್ಮವರು ಅದಕ್ಕಿಂತ ಜಾಸ್ತಿ ಕೊಡುವಂತಿಲ್ಲ. ದೇಶದ ದುಡ್ಡು ಷೇರಿನ ನೆಪದಲ್ಲಿ ಹೊರಗೆ ಹೋಗಬಾರದಲ್ಲ. ವ್ಯವಹಾರ ದೊಡ್ಡದಿದ್ದರೆ ಸ್ಪರ್ಧಾ ಆಯೋಗದ ಒಪ್ಪಿಗೆಯೂ ಬೇಕು, ಅದು ಸಿಗುವವರೆಗೆ ಮಾಲು ಕೈ ಬದಲಾಗುವಂತಿಲ್ಲ.

ಮದುವೆ ಮನೆಗಳಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ, ದನಿ ತಗ್ಗಿಸಿ: "ಯಾವ ಷೇರು ಏರ್ತದೆ, ಸ್ವಲ್ಪ ಹೇಳೇ." ಸುಮ್ನೆ ನಗುತ್ತೇನೆ. ಪೇಟೆಗೆ ಇನ್ನೂ ಗೊತ್ತಾಗದ ಸುದ್ದಿ ಇಟ್ಟುಕೊಂಡು ಷೇರು ಕೊಳ್ಳುವುದು ಮಾತ್ರವಲ್ಲ, ಅಂಥ ಸುದ್ದಿಯನ್ನು ಬೇರೆಯವರ ಕಿವಿಗೆ ಹಾಕುವುದೂ ತಪ್ಪು. ಸುದ್ದಿ ಯಾರ್‍ಯಾರಿಗೆ ಗೊತ್ತಿದೆ ಅಂತ ಹೆಸರು ಬರೆದಿಡಬೇಕು. ನಮ್ಮಲ್ಲಿ ಕಂಪನಿಯ ನಿಜ ಹೆಸರನ್ನು ಕಡತದ ಮೇಲೂ ಬರೆಯುವುದಿಲ್ಲ, ಹೂವಿನದ್ದೋ ನದಿಯದ್ದೋ ಹೆಸರಿಡುತ್ತೇವೆ. ಹಾಗಾಗಿ ಮಾವ, ಅತ್ತೆ, ದಯವಿಟ್ಟು ಕೇಳಬೇಡಿ.

ಕೇಳಲೇಬೇಕು ಅಂತಿದ್ದರೆ ಓಪನ್ ಆಫರ್ ಪತ್ರದ ಬಗ್ಗೆ ಕೇಳಿ. ನಿಮ್ಮ ಹತ್ತಿರ ಯಾವುದೋ ಕಂಪನಿಯ ಹಳೇ ಷೇರು ಇದ್ದು ಮನೆಗೆ ದಪ್ಪನೆಯ ಲಕೋಟೆಯೋ ಇಮೇಲೋ ಬಂದರೆ ರದ್ದಿಗೆ ಹಾಕಬೇಡಿ. ಕೊಡುವ ಬೆಲೆ ಎಷ್ಟು, ಪೇಟೆಯ ಬೆಲೆ ಎಷ್ಟು, ಕೊನೇ ದಿನ ಯಾವುದು, ಈ ಮೂರು ನೋಡಿ. ಷೇರು ಒಪ್ಪಿಸಲು ಸಿಗುವುದು 10 ಕೆಲಸದ ದಿನ ಮಾತ್ರ.