ಬ್ರಸೆಲ್ಸ್‌ಗೆ ಹೋದರೆ ಭಾನುವಾರದ ಬ್ರಂಚ್ ತಪ್ಪಿಸಬೇಡಿ

ಬ್ರಸೆಲ್ಸ್‌ಗೆ ಹೊರಟಿರುವ ಸಸ್ಯಾಹಾರಿಗಳಿಗೆ ಒಂದು ಮಾತು. ಬೆಲ್ಜಿಯಂ ಅಡುಗೆಯ ರುಚಿ ನೋಡಬೇಕು ಅಂತಿದ್ದರೆ ರಾತ್ರಿ ಊಟಕ್ಕೆ ಕಾಯಬೇಡಿ, ಭಾನುವಾರದ ಬ್ರಂಚ್‌ಗೆ ಹೋಗಿ. ರಾತ್ರಿಯ ಮೆನು ತುಂಬಾ ಬಿಯರ್‌ನಲ್ಲಿ ಬೇಯಿಸಿದ ದನದ ಮಾಂಸ, ಚಿಪ್ಪು ಸಮೇತ ಬರುವ ಮಸ್ಸೆಲ್. ನಮಗೆ ಉಳಿಯುವುದು ಸಲಾಡ್ ಅಷ್ಟೇ. ಅದೇ ಬೆಳಿಗ್ಗೆಯಾದರೆ ಬ್ರೆಡ್, ಚೀಸ್, ಮೊಟ್ಟೆ, ವಾಫಲ್‌ಗಳದ್ದೇ ರಾಜ್ಯ. ಮೊಟ್ಟೆ ತಿನ್ನದವರಿಗೆ ವಾಫಲ್ ಆಗುವುದಿಲ್ಲ, ಆದರೂ ಹೊಟ್ಟೆ ತುಂಬುವಷ್ಟು ಸಿಗುತ್ತದೆ.

ನಾವು ಹೋಗಿದ್ದು ಮರೋಲ್ ಎಂಬ ಹಳೆಯ ಬಡಾವಣೆಯ ಒಂದು ಪುಟ್ಟ ರೆಸ್ಟೋರೆಂಟ್‌ಗೆ. ಮೆಟ್ರೋದಲ್ಲಿ ಲೂಯಿಸ್ ನಿಲ್ದಾಣಕ್ಕೆ ಬನ್ನಿ. ಬೇರೆ ಟಿಕೆಟ್ ಬೇಡ, ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತೋರಿಸಿದರೆ ಸಾಕು. ಅಲ್ಲಿಂದ ನ್ಯಾಯಾಲಯದ ದೊಡ್ಡ ಕಟ್ಟಡದ ಕಡೆ ನಡೆದರೆ ಒಂದು ಗಾಜಿನ ಲಿಫ್ಟ್ ಇದೆ. ದುಡ್ಡು ಕೊಡಬೇಕಿಲ್ಲ, ನೇರ ಕೆಳಗೆ ಮರೋಲ್‌ಗೆ ಇಳಿಸುತ್ತದೆ. ಇಳಿಯುವ ಮುಂಚೆ ಮೇಲಿನ ಕಟ್ಟೆ ಹತ್ತಿರ ನಿಂತು ಊರು ನೋಡಿ. ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ಆಟೋಮಿಯಂ ಎಂಬ, ದೊಡ್ಡ ದೊಡ್ಡ ಲೋಹದ ಗೋಳಗಳನ್ನು ಜೋಡಿಸಿದ ಕಟ್ಟಡ ಕಾಣುತ್ತದೆ.

ಸಣ್ಣ ಜಾಗಗಳಲ್ಲಿ ಮೇಜು ಕಡಿಮೆ, ಭಾನುವಾರ ಅಲ್ಲಿಯವರೇ ಮಕ್ಕಳುಮರಿ ಕಟ್ಟಿಕೊಂಡು ಬರುತ್ತಾರೆ. ಹಾಗಾಗಿ ಮೊದಲೇ ಬುಕ್ ಮಾಡಿ. ಒಬ್ಬರಿಗೆ 20ರಿಂದ 30 ಯೂರೋ ಲೆಕ್ಕ ಇಟ್ಟುಕೊಳ್ಳಿ. ನೀರಿಗೂ ದುಡ್ಡು ಕೊಡಬೇಕು, ಸುಮ್ನೆ ತಂದಿಡುವುದಿಲ್ಲ. ಟಿಪ್ಸ್ ಕೊಡಲೇಬೇಕೆಂದಿಲ್ಲ.

ಈಗ ತಿನ್ನುವ ವಿಷಯ. ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ದಪ್ಪ ಬ್ರೆಡ್ ಹೋಳಿನ ಮೇಲೆ ಬಿಳಿ ಮೆತ್ತನೆಯ ಹಸಿ ಚೀಸ್ ಸವರಿ, ಮೇಲೆ ತೆಳ್ಳಗೆ ಹೆಚ್ಚಿದ ಕೆಂಪು ಮೂಲಂಗಿ, ಈರುಳ್ಳಿ ಸೊಪ್ಪು, ಕಾಳುಮೆಣಸು ಹಾಕಿದ್ದು. ನೋಡಲು ಏನೂ ಇಲ್ಲ, ಆದರೆ ಆ ಹುಳಿ, ಮೂಲಂಗಿಯ ಘಾಟು, ಬ್ರೆಡ್ಡಿನ ಗಟ್ಟಿ ಸಿಪ್ಪೆ ಮೂರೂ ಸೇರಿದಾಗ ಬಾಯಿ ಚುರುಕಾಗುತ್ತದೆ. ಪಕ್ಕದಲ್ಲಿ ಲಿಯೇಜ್ ಸಿರಪ್ ಅಂತ ಒಂದು ಕಪ್ಪು ಪಾಕ ಇಡುತ್ತಾರೆ. ಸೇಬು, ಪೇರ್ ಹಣ್ಣುಗಳನ್ನು ಗಂಟೆಗಟ್ಟಲೆ ಕುದಿಸಿ ಮಾಡಿದ್ದು. ನಮ್ಮ ಮಲೆನಾಡಿನ ಜೋನಿ ಬೆಲ್ಲದ ಹಾಗೆ ಅಂಟಂಟು, ಆದರೆ ಹಣ್ಣಿನ ಹುಳಿ ಜಾಸ್ತಿ. ಒಣದ್ರಾಕ್ಷಿ ಹಾಕಿದ ಕ್ರಮೀಕ್ ಬ್ರೆಡ್ಡಿಗೆ ಬೆಣ್ಣೆ ಜೊತೆ ಇದನ್ನು ಹಚ್ಚಿಕೊಂಡು ತಿನ್ನಿ.

ವಾಫಲ್‌ನಲ್ಲಿ ಎರಡು ಬಗೆ. ಲಿಯೇಜ್ ವಾಫಲ್ ಗಟ್ಟಿ ಹಿಟ್ಟಿನದ್ದು, ಒಳಗೆ ಸಕ್ಕರೆ ಹರಳು ಇರುತ್ತದೆ. ಅದು ಬೀದಿಯಲ್ಲಿ ನಡೆಯುತ್ತಾ ತಿನ್ನುವಂಥದ್ದು. ಬ್ರಸೆಲ್ಸ್ ವಾಫಲ್ ಆಯತಾಕಾರ, ಹಗುರ, ಗರಿಗರಿ. ಇದನ್ನು ಕೂತು, ಬಿಸಿ ಇರುವಾಗಲೇ ತಿನ್ನಬೇಕು, ಹಾಗಾಗಿ ಬ್ರಂಚ್‌ಗೆ ಇದನ್ನೇ ಹೇಳಿ. ಮೇಲೆ ಪುಡಿ ಸಕ್ಕರೆ ಸಾಕು. ಚಾಕೊಲೇಟ್, ಸ್ಟ್ರಾಬೆರಿ, ಕ್ರೀಮ್ ಎಲ್ಲಾ ಸುರಿದರೆ ಗರಿಗರಿಯೇ ಹೋಗಿಬಿಡುತ್ತದೆ, ಅಲ್ವಾ?

ಎಚ್ಚರ ಬೇಕಿರುವುದು ಫ್ರೈಸ್ ವಿಷಯದಲ್ಲಿ. ಆಲೂಗಡ್ಡೆ ತಾನೇ ಅಂತ ತರಿಸಬೇಡಿ. ಅಲ್ಲಿನ ಹಳೆಯ ಪದ್ಧತಿಯಲ್ಲಿ ಅದನ್ನು ಎರಡು ಸಲ ಕರಿಯುವುದು ದನದ ಕೊಬ್ಬಿನಲ್ಲಿ. ಈಗಲೂ ಎಷ್ಟೋ ಕಡೆ ಹಾಗೇ. ನಾವು ಕೇಳಿದಾಗ ಬಡಿಸುವ ಹುಡುಗಿ ಒಳಗೆ ಹೋಗಿ ವಿಚಾರಿಸಿ ಬಂದಳು. ಎಣ್ಣೆಯೇನೋ ಸಸ್ಯದ್ದೇ, ಆದರೆ ಸಿಗಡಿ ಕ್ರೋಕೆಟ್ (ಬ್ರೆಡ್ ಪುಡಿಯಲ್ಲಿ ಹೊರಳಿಸಿದ ಕಟ್ಲೆಟ್ ಥರದ್ದು) ಕರಿಯುವುದೂ ಅದರಲ್ಲೇ ಅಂದಳು. ಚೀಸ್ ಕ್ರೋಕೆಟ್‌ಗೂ ಇದೇ ಪ್ರಶ್ನೆ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಇಂಗ್ಲಿಷ್ ನಡೆಯುತ್ತದೆ. ಮೆನುವಿನಲ್ಲಿ 'ಅಮೇರಿಕೆನ್' ಅಂತ ಕಂಡರೆ ಬರ್ಗರ್ ಅಂದುಕೊಳ್ಳಬೇಡಿ, ಅದು ಮಸಾಲೆ ಕಲಸಿದ ಹಸಿ ದನದ ಮಾಂಸ. ಚಿಕೊರಿ ಸೊಪ್ಪಿನ ಗ್ರಾಟಿನ್ (ಮೇಲೆ ಚೀಸ್ ಹಾಕಿ ಓವನ್‌ನಲ್ಲಿ ಬೇಯಿಸಿದ್ದು) ಕೂಡ ತರಕಾರಿ ಅನ್ನಿಸುತ್ತದೆ, ಆದರೆ ಒಳಗೆ ಸೊಪ್ಪಿಗೆ ಹ್ಯಾಮ್, ಅಂದರೆ ಹಂದಿ ಮಾಂಸ, ಸುತ್ತಿರುತ್ತಾರೆ.

ಹತ್ತಿರದ ಜ್ಯೂ ದ ಬಾಲ್ ಚೌಕದಲ್ಲಿ ದಿನಾ ಹಳೆ ಸಾಮಾನಿನ ಸಂತೆ ನಡೆಯುತ್ತದೆ. ನೆಲದ ಮೇಲೆ ಕಂಬಳಿ ಹಾಸಿ ತಟ್ಟೆ, ದೀಪ, ಚಿತ್ರದ ಚೌಕಟ್ಟು, ಪೆಟ್ಟಿಗೆಗಟ್ಟಲೆ ಹಳೆ ಫೋಟೋ ಹರಡಿರುತ್ತಾರೆ. ಬೆಳಿಗ್ಗೆಯೇ ಹೋದರೆ ಒಳ್ಳೆಯ ಸಾಮಾನು, ಮಧ್ಯಾಹ್ನ ಕಟ್ಟುವ ಹೊತ್ತಿಗೆ ಹೋದರೆ ಚೌಕಾಸಿ ಸುಲಭ. ಹನ್ನೊಂದಕ್ಕೆ ಮೇಜು ಬುಕ್ ಮಾಡಿ, ಅದಕ್ಕೂ ಮುಂಚೆ ಒಂದು ಸುತ್ತು ಹಾಕಿ. ಚಿಲ್ಲರೆ ನೋಟು ಇಟ್ಟುಕೊಂಡಿರಿ, ಅಲ್ಲಿ ಕಾರ್ಡನ್ನು ನಂಬಿ ಹೋಗಬೇಡಿ.